ಆಳಿಕೆಯ ಮಾತುಗಳು: ಒಂದು ಪರಿಶೀಲನೆ

ರಾಜರು ಅಳಿದರೂ ಅವರು ಅಚ್ಚುಹಾಕಿಸಿದ ನಾಣ್ಯಗಳು ನೆಲದಲ್ಲಿ ಉಳಿಯುತ್ತವೆ. ನೇಗಿಲ ಮೊನೆಗೆ ಸಿಕ್ಕಿ ಅವು ಹೊರಬಂದಾಗ ಪಂಡಿತರು ಅವುಗಳ ಮೇಲಿನ ಮುದ್ರೆಯನ್ನು ಓದಿ ಕಾಲವನ್ನು ನಿರ್ಣಯಿಸುತ್ತಾರೆ. ಮಾತುಗಳೂ ಇಂತಹ ನಾಣ್ಯಗಳೇ. ಆದರೆ ಒಂದು ವ್ಯತ್ಯಾಸವುಂಟು. ಹಳೆಯ ನಾಣ್ಯ ಸಂತೆಯಲ್ಲಿ ಚಲಾವಣೆಯಾಗುವುದಿಲ್ಲ. ಹಳೆಯ ಮಾತಾದರೋ ಇಂದಿಗೂ ನಮ್ಮ ನಾಲಗೆಯ ಮೇಲೆ ಚಲಾವಣೆಯಲ್ಲಿದೆ. ಅದನ್ನು ಅಚ್ಚುಹಾಕಿದವರು ಯಾರು, ಏತಕ್ಕಾಗಿ ಹಾಕಿದರು ಎಂಬುದನ್ನು ನಾವು ಸಾಮಾನ್ಯವಾಗಿ ಕೇಳಿಕೊಳ್ಳುವುದಿಲ್ಲ, ಅಷ್ಟೆ.

ನೆಲದ ಮೇಲಣ ಒಡೆತನ, ಜನರ ಮೇಲಣ ಅಧಿಕಾರ, ನಾಡಿನ ಆಡಳಿತ, ಇವನ್ನು ಹೇಳಲು ಕನ್ನಡದಲ್ಲಿ ಬಳಕೆಯಲ್ಲಿರುವ ಕೆಲವು ಮಾತುಗಳನ್ನು ಈ ಲೇಖನದಲ್ಲಿ ಪರಿಶೀಲಿಸಬೇಕೆಂದಿದ್ದೇನೆ. ಇದು ಕೇವಲ ನಿಘಂಟಿನ ವಿಷಯವೆಂದು ಸಹಪಾಠಿಗಳು ಭಾವಿಸಬಾರದು. ಈ ಮಾತುಗಳು ನಮ್ಮ ಪಹಣಿಯಲ್ಲಿವೆ, ಚುನಾವಣೆಯ ಚೀಟಿಯಲ್ಲಿವೆ, ನಮ್ಮ ಹಾಜರಿ ಪುಸ್ತಕದ ಹೆಸರುಗಳಲ್ಲಿಯೂ ಇವೆ.

1. ಆಳು ಮತ್ತು ಒಡೆಯ

ಮೊದಲು ‘ಆಳು’ ಎಂಬ ಮಾತನ್ನೇ ತೆಗೆದುಕೊಳ್ಳೋಣ. ಇದು ಕ್ರಿಯಾಪದವಾದಾಗ ‘ರಾಜ್ಯವನ್ನು ಆಳು’ ಎಂಬಲ್ಲಿ ಸಿಂಹಾಸನದ ಮೇಲೆ ಕೂರುತ್ತದೆ. ನಾಮಪದವಾದಾಗ ‘ಕೂಲಿಯಾಳು’ ಎಂಬಲ್ಲಿ ಗುದ್ದಲಿ ಹಿಡಿದು ಹೊಲದಲ್ಲಿ ನಿಲ್ಲುತ್ತದೆ. ಅಪ್ಪಣೆ ಮಾಡುವವನ ಕೆಲಸಕ್ಕೂ ಅಪ್ಪಣೆಯನ್ನು ಕೇಳುವವನಿಗೂ ಒಂದೇ ಸದ್ದು. ‘ಆಳಾಗಬಲ್ಲವನು ಅರಸಾಗಬಲ್ಲ’ ಎಂಬ ಗಾದೆಯಲ್ಲಿ ನಮ್ಮ ಹಿರಿಯರು ಈ ಎರಡು ಕೊನೆಗಳನ್ನು ಒಂದು ಗಂಟಿನಲ್ಲಿ ಕಟ್ಟಿದ್ದಾರೆ.

ಆದರೆ ಸದ್ದು ಒಂದಾದ ಮಾತ್ರಕ್ಕೆ ಮೂಲವೂ ಒಂದೇ ಎಂದು ಹೇಳಲಾಗದು. ದ್ರಾವಿಡ ಭಾಷೆಗಳ ನಿರುಕ್ತಕೋಶವನ್ನು ರಚಿಸಿದ ಬರೋ ಮತ್ತು ಎಮೆನೊ ಎಂಬ ವಿದ್ವಾಂಸರು ಈ ಎರಡು ‘ಆಳು’ಗಳನ್ನು ಬೇರೆ ಬೇರೆ ನಮೂದುಗಳಲ್ಲಿ ಇಟ್ಟಿದ್ದಾರೆ. ‘ಆಳೆತ್ತರ’ ಎಂಬಲ್ಲಿರುವ ‘ಆಳು’ ಮನುಷ್ಯನೆಂಬ ಅರ್ಥದ್ದು. ಅದೇ ಯೋಧನೂ ಆಯಿತು, ಸೇವಕನೂ ಆಯಿತು. ‘ಬಾವಿಯ ಆಳ’ ಎಂಬಲ್ಲಿರುವುದು ಮೂರನೆಯ ಮಾತು. ಹಳಗನ್ನಡದಲ್ಲಿ ಅದನ್ನು ‘ೞ’ಕಾರದಿಂದ ಬರೆಯುತ್ತಿದ್ದರು. ಹಾಗೆಯೇ ದೊರೆಯೆಂಬ ಅರ್ಥದ ‘ಅರಸು’ ಬೇರೆ, ಹುಡುಕು ಎಂಬ ಅರ್ಥದ ‘ಅಱಸು’ ಬೇರೆ. ಶಕಟರೇಫವೂ ರಳವೂ ಬಳಕೆಯಿಂದ ಬಿದ್ದುಹೋದ ಮೇಲೆ ಇವೆಲ್ಲ ಒಂದೇ ವೇಷದಲ್ಲಿ ನಮ್ಮೆದುರಿಗೆ ನಿಂತಿವೆ. ಮಾತಿನ ಚರಿತ್ರೆಯನ್ನು ಬರೆಯುವವನು ಕಿವಿಯನ್ನು ಮಾತ್ರ ನಂಬಬಾರದು ಎಂಬುದಕ್ಕೆ ಇಷ್ಟು ನಿದರ್ಶನ ಸಾಕು.

ಆಳುವುದು ಎಂಬ ಅರ್ಥದ ಮಾತು ಎಷ್ಟು ಹಳೆಯದು? ಹಾಸನ ಜಿಲ್ಲೆಯ ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ದೊರೆತ ಶಾಸನವನ್ನು ಡಾ. ಎಂ. ಎಚ್. ಕೃಷ್ಣ ಅವರು 1936ರಲ್ಲಿ ಬೆಳಕಿಗೆ ತಂದರು. ಅದು ಕ್ರಿ. ಶ. 450ರ ಸುಮಾರಿನದೆಂದು ಹೇಳುವುದು ರೂಢಿ. ಕದಂಬ ಕಾಕುಸ್ಥನ ಹೆಸರು ಬರುವ ಆ ಚಿಕ್ಕ ಶಾಸನದಲ್ಲಿ ‘ಆಳೆ’ ಎಂಬ ಪದವಿದೆ, ‘ನಾಡುಳ್’ ಎಂಬ ಪದವಿದೆ, ‘ಅರಸ’ನಿದ್ದಾನೆ. ಯುದ್ಧದಲ್ಲಿ ಶೌರ್ಯ ತೋರಿದವನಿಗೆ ಎರಡು ಹಳ್ಳಿಗಳನ್ನು ‘ಬಾಳ್ಗಳ್ಚು’ ಆಗಿ ಕೊಟ್ಟ ಸಂಗತಿಯೂ ಇದೆ. ಬಾಳ್ ಎಂದರೆ ಕತ್ತಿ, ಕಳ್ಚು ಎಂದರೆ ತೊಳೆ. ಕತ್ತಿಯ ನೆತ್ತರನ್ನು ತೊಳೆದು ಕೊಟ್ಟ ದಾನವೆಂದು ವಿದ್ವಾಂಸರು ಅರ್ಥೈಸುತ್ತಾರೆ. ನಮ್ಮ ಭಾಷೆಯ ಅತಿ ಹಳೆಯ ಬರೆಹಗಳ ಸಾಲಿನಲ್ಲಿ ನಿಲ್ಲುವ ಈ ಕಲ್ಲಿನ ಮೇಲೆ ನೆಲ, ಆಳಿಕೆ, ಕತ್ತಿ ಮೂರೂ ಒಟ್ಟಿಗೆ ಕಾಣಿಸಿಕೊಂಡಿವೆ.

ಇನ್ನು ‘ಒಡೆಯ’. ತಮಿಳಿನ ‘ಉಡೈಯವನ್’ ಎಂಬುದರ ನಂಟಿನ ಈ ಮಾತಿಗೆ ‘ಉಳ್ಳವನು’ ಎಂಬುದೇ ಮೂಲಾರ್ಥ. ಹೊಲದ ಒಡೆಯ, ಮನೆಯ ಒಡೆಯ, ಮೈಸೂರಿನ ಒಡೆಯರು, ಇವೆಲ್ಲಕ್ಕೂ ಒಂದೇ ಪದ. ಆಳುವುದೂ ಉಳ್ಳುವುದೂ ಬೇರೆಯಲ್ಲವೆಂಬ ಕಾಲದ ಮುದ್ರೆ ಇದರ ಮೇಲಿದೆ. ಇದೇ ಮಾತು 1970ರ ದಶಕದಲ್ಲಿ ದಿಕ್ಕು ಬದಲಿಸಿದುದನ್ನು ನಾವು ಗಮನಿಸಬೇಕು. ಭೂಸುಧಾರಣಾ ಕಾಯ್ದೆಗೆ ದೇವರಾಜ ಅರಸು ಅವರ ಸರ್ಕಾರ ತಂದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದಾಗ, ಗೇಣಿಯ ಜಮೀನುಗಳು ಸರ್ಕಾರದಲ್ಲಿ ನಿಹಿತವಾಗಿ ಗೇಣಿದಾರನು ಅರ್ಜಿಯ ಮೂಲಕ ಅದಕ್ಕೆ ಹಕ್ಕುದಾರನಾಗುವ ದಾರಿ ತೆರೆಯಿತು. ‘ಉಳುವವನೇ ಒಡೆಯ’ ಎಂಬುದು ಆ ಕಾಲದ ಘೋಷಣೆ. ಸಾವಿರ ವರ್ಷ ‘ಒಡೆಯ’ನ ಎದುರಿಗೆ ತಲೆಬಾಗಿ ನಿಂತಿದ್ದ ‘ಉಳುವವನು’ ಎಂಬ ಮಾತು ಆ ಒಂದು ವಾಕ್ಯದಲ್ಲಿ ಅವನ ಪಕ್ಕಕ್ಕೆ ಬಂದು ಕುಳಿತುಕೊಂಡಿತು.

2. ನಾಡು ಮತ್ತು ಅಂಕೆ

‘ನಾಡು’ ಎಂಬುದಕ್ಕೆ ಎದುರು ಮಾತು ‘ಕಾಡು’. ಜನರು ನೆಲೆನಿಂತು ಉತ್ತು ಬಿತ್ತಿದ ನೆಲ ನಾಡು, ಹಾಗಲ್ಲದ್ದು ಕಾಡು. ಇಲ್ಲಿ ಅರಸನ ಪ್ರಸ್ತಾಪವೇ ಇಲ್ಲವೆಂಬುದನ್ನು ಗಮನಿಸಿರಿ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ಕಾವೇರಿಯಿಂದ ಗೋದಾವರಿಯವರೆಗಿನ ನಾಡನ್ನು ಹೇಳುವಾಗ ಅದನ್ನು ಗುರುತಿಸಿದ್ದು ಆಡುವ ಕನ್ನಡದಿಂದ. ಅದು ರಾಷ್ಟ್ರಕೂಟ ಚಕ್ರವರ್ತಿ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ಗ್ರಂಥ. ಹಾಗಿದ್ದೂ ನಾಡಿನ ಎಲ್ಲೆಯನ್ನು ಅಲ್ಲಿ ಹಾಕಿದ್ದು ನುಡಿ.

ಆದರೆ ತೆರಿಗೆಯನ್ನು ಎತ್ತಬೇಕಾದವನಿಗೆ ನುಡಿಯ ಎಲ್ಲೆ ಸಾಲದು, ಲೆಕ್ಕ ಬೇಕು. ಆದುದರಿಂದಲೇ ನಮ್ಮ ಶಾಸನಗಳಲ್ಲಿ ನಾಡುಗಳ ಹೆಸರಿನ ಜೊತೆಗೆ ಸಂಖ್ಯೆಗಳು ಅಂಟಿಕೊಂಡಿವೆ: ಗಂಗವಾಡಿ 96,000, ನೊಳಂಬವಾಡಿ 32,000, ಬನವಾಸಿ 12,000, ಸಾಂತಳಿಗೆ 1,000, ಹಾನುಂಗಲ್ 500, ಬೆಳ್ವೊಲ 300, ಪುಲಿಗೆರೆ 300, ನಾಗರಖಂಡ 70. ಬೆಳ್ವೊಲ ಮತ್ತು ಪುಲಿಗೆರೆಗಳನ್ನು ಕೂಡಿಸಿ ‘ಎರಡರುನೂರು’ ಎಂದೇ ಕರೆಯುತ್ತಿದ್ದರು. ಈ ಸಂಖ್ಯೆಗಳು ಹಳ್ಳಿಗಳವೋ, ಕಂದಾಯದವೋ, ಒದಗಿಸಬೇಕಾದ ದಂಡಿನವೋ ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಚಿಕ್ಕ ನಾಡುಗಳ ವಿಷಯದಲ್ಲಿ ಹಳ್ಳಿಗಳ ಎಣಿಕೆಯೆಂಬ ಮಾತು ಒಪ್ಪುವಂತಿದೆ. ತೊಂಬತ್ತಾರು ಸಾವಿರ ಹಳ್ಳಿಗಳು ಗಂಗವಾಡಿಯಲ್ಲಿ ಇದ್ದವೆಂದು ನಂಬುವುದು ಕಷ್ಟ.

ಏನೇ ಇರಲಿ, ಎಣಿಸದೆ ಆಳುವಂತಿಲ್ಲ ಎಂಬುದಂತೂ ಸ್ಪಷ್ಟ. ಇದನ್ನು ಕನ್ನಡದ ಒಂದು ಪುಟ್ಟ ಮಾತು ಸೊಗಸಾಗಿ ಹೇಳುತ್ತದೆ. ‘ಅಂಕೆ’ ಎಂದರೆ ಸಂಖ್ಯೆ. ‘ಅಂಕೆ’ ಎಂದರೆ ಹತೋಟಿ. ಮಗ್ಗಿ ಪುಸ್ತಕದಲ್ಲಿರುವುದೂ ಅಂಕೆ, ‘ಹುಡುಗ ಅಂಕೆಗೆ ಸಿಗುವುದಿಲ್ಲ’ ಎಂದು ತಾಯಿ ದೂರುವುದೂ ಅಂಕೆ. ‘ಅರಸನ ಅಂಕೆಯಿಲ್ಲ, ದೆವ್ವದ ಕಾಟವಿಲ್ಲ’ ಎಂಬ ಗಾದೆಯಲ್ಲಿ ಅರಸನ ಅಂಕೆಯನ್ನು ದೆವ್ವದ ಕಾಟದ ಜೊತೆಗೆ ಇಟ್ಟ ಹಳ್ಳಿಗನ ಅನುಭವ ಎಂತಹುದಿದ್ದೀತೆಂದು ಊಹಿಸಿಕೊಳ್ಳಬಹುದು.

ವಿಜಯನಗರದ ಕಾಲದಲ್ಲಿ ‘ಸೀಮೆ’ ಎಂಬ ವಿಭಾಗ ಬಳಕೆಗೆ ಬಂದಿತು. ಸೀಮೆಯೆಂದರೆ ಗಡಿ; ಗಡಿಯ ಹೆಸರೇ ಗಡಿಯೊಳಗಿನ ಪ್ರದೇಶಕ್ಕೂ ಆಯಿತು. ಮುಂದೆ ಪರದೇಶದ ಸರಕು ಬಂದಾಗ ನಮ್ಮ ಜನ ಅದಕ್ಕೂ ಇದೇ ಮಾತನ್ನು ಅಂಟಿಸಿದರು: ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಹಸು. ಒಳನಾಡಿನ ವಿಭಾಗದ ಹೆಸರಾಗಿದ್ದ ಮಾತು ಹೊರನಾಡಿನ ಗುರುತಾಗಿ ನಮ್ಮ ತರಗತಿಯ ಕರಿಹಲಗೆಯ ಬಳಿಗೆ ಬಂದು ಸೇರಿದೆ.

3. ನೆರೆಯವನು ಅಧೀನನಾದ ಬಗೆ

ಆಳುವವರ ಬಿರುದುಗಳ ಚರಿತ್ರೆಯಲ್ಲಿ ಏರಿಳಿತಗಳು ಬಹಳ. ಮೈಸೂರಿನ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ‘ಅರ್ಥಶಾಸ್ತ್ರ’ದಲ್ಲಿ ‘ಸಾಮಂತ’ ಎಂದರೆ ಗಡಿಗೆ ಹೊಂದಿಕೊಂಡ ನೆರೆಯ ರಾಜ. ಅವನು ಸ್ವತಂತ್ರನು. ಕೆಲವು ಶತಮಾನಗಳು ಕಳೆಯುವುದರೊಳಗೆ ಅದೇ ಮಾತು ಕಪ್ಪವೊಪ್ಪಿಸುವ ಅಧೀನ ದೊರೆಗೆ ನಿಂತಿತು. ನೆರೆಯವನು ಅಧೀನನಾದದ್ದು ಹೇಗೆಂದು ಮಾತು ವಿವರಿಸುವುದಿಲ್ಲ. ಅದನ್ನು ವಿವರಿಸಬೇಕಾದವು ಯುದ್ಧಗಳ ಚರಿತ್ರೆ. ಆದರೆ ಬಲವುಳ್ಳವನ ನೆರೆಯಲ್ಲಿರುವುದೇ ಅಧೀನತೆಯ ಮೊದಲ ಮೆಟ್ಟಿಲಾಗಬಲ್ಲುದು ಎಂಬ ಎಚ್ಚರಿಕೆ ಈ ಒಂದು ಪದದಲ್ಲಿ ಅಡಗಿದೆ.

ಇದಕ್ಕೆ ವಿರುದ್ಧವಾಗಿ ಮೇಲೇರಿದ ಮಾತು ‘ರಾಷ್ಟ್ರ’. ರಾಷ್ಟ್ರಕೂಟರ ದಾನಶಾಸನಗಳಲ್ಲಿ ರಾಷ್ಟ್ರವೆಂದರೆ ಸಾಮ್ರಾಜ್ಯದ ಒಂದು ಪ್ರಾಂತ, ‘ವಿಷಯ’ವೆಂದರೆ ಅದರೊಳಗಿನ ಭಾಗ. ದಾನವನ್ನು ತಿಳಿಸಬೇಕಾದ ಅಧಿಕಾರಿಗಳ ಪಟ್ಟಿಯಲ್ಲಿ ರಾಷ್ಟ್ರಪತಿ, ವಿಷಯಪತಿ, ಗ್ರಾಮಕೂಟ ಎಂಬುವರು ಸಾಲಾಗಿ ಬರುತ್ತಾರೆ. ಅಂದಿನ ರಾಷ್ಟ್ರಪತಿ ಚಕ್ರವರ್ತಿಯ ಅಪ್ಪಣೆಯನ್ನು ಪಾಲಿಸುವ ಪ್ರಾಂತಾಧಿಕಾರಿ. 1950ರಿಂದ ಈಚೆಗೆ ರಾಷ್ಟ್ರಪತಿ ಗಣರಾಜ್ಯದ ಮುಖ್ಯಸ್ಥರು. ‘ವಿಷಯ’ವಾದರೋ ಆಡಳಿತವನ್ನು ಸಂಪೂರ್ಣವಾಗಿ ಬಿಟ್ಟು ನಮ್ಮ ಪರೀಕ್ಷಾ ವೇಳಾಪಟ್ಟಿಯನ್ನು ಸೇರಿಕೊಂಡಿದೆ!

‘ದಂಡ’ ಎಂಬ ಮಾತಿಗೆ ಮೂಲದಲ್ಲಿ ಕೋಲು ಎಂದರ್ಥ. ಕೋಲು ಹಿಡಿದವನು ಶಿಕ್ಷಿಸಬಲ್ಲನಾದುದರಿಂದ ದಂಡ ಶಿಕ್ಷೆಯಾಯಿತು. ಶಿಕ್ಷೆಯ ಹಿಂದೆ ಬಲ ಬೇಕಾದುದರಿಂದ ಸೈನ್ಯವಾಯಿತು. ರಾಜ್ಯದ ಏಳು ಅಂಗಗಳನ್ನು ಎಣಿಸುವಾಗ ಕೌಟಿಲ್ಯನು ದಂಡವನ್ನೂ ಒಂದು ಅಂಗವೆಂದು ಹೇಳಿದ್ದಾನೆ. ಕನ್ನಡದಲ್ಲಿ ಸೈನ್ಯಕ್ಕೆ ‘ದಂಡು’ ಎಂಬ ರೂಪ ನಿಂತು, ದಂಡನಾಯಕನೆಂಬ ಪದವಿ ಬಂದಿತು. ಬ್ರಿಟಿಷರ ಸೈನ್ಯ ಬೀಡುಬಿಟ್ಟ ಬೆಂಗಳೂರಿನ ಭಾಗ ಇಂದಿಗೂ ‘ದಂಡು’ ಪ್ರದೇಶವೇ. ಗ್ರಂಥಾಲಯದಲ್ಲಿ ತಡಮಾಡಿ ಪುಸ್ತಕ ಹಿಂದಿರುಗಿಸಿದಾಗ ನಾವು ತೆರುವುದೂ ದಂಡ. ವ್ಯರ್ಥವಾದುದಕ್ಕೂ ‘ದಂಡವಾಯಿತು’ ಎನ್ನುತ್ತೇವೆ.

ಗ್ರಾಮದ ಮಟ್ಟದ ಪದವಿಗಳೂ ಹೀಗೆಯೇ ಸವೆದು ನಯವಾಗಿವೆ. ಶಾಸನಗಳ ಗಾಮುಂಡ, ಗಾವುಂಡನಾಗಿ, ಗೌಡನಾದನು. ಪೆರ್ಗಡೆ ಹೆಗ್ಗಡೆಯಾಗಿ ಹೆಗ್ಡೆಯಾಯಿತು. ಸೇನಬೋವ ಶಾನುಭೋಗನಾದನು. ಈ ಅಧಿಕಾರ ಗಂಡಸರ ಕೈಯಲ್ಲಿಯೇ ಇದ್ದಿತೆಂದು ಭಾವಿಸುವವರು ಶಿಕಾರಿಪುರ ತಾಲ್ಲೂಕಿನ ಬಂದಳಿಕೆಯ ಶಾಸನವನ್ನು ನೋಡಬೇಕು. ಹತ್ತನೆಯ ಶತಮಾನದ ಮೊದಲ ಭಾಗದಲ್ಲಿ ನಾಗರಖಂಡ ಎಪ್ಪತ್ತರ ನಾಳ್ಗಾವುಂಡನು ತೀರಿಕೊಂಡಾಗ ಅವನ ಪತ್ನಿ ಜಕ್ಕಿಯಬ್ಬೆಗೆ ಆ ಪದವಿ ದೊರೆಯಿತು. ಆಕೆ ಅದನ್ನು ಸಮರ್ಥವಾಗಿ ನಡೆಸಿ, ಕೊನೆಗೆ ಜೈನವ್ರತದಿಂದ ದೇಹವನ್ನು ಬಿಟ್ಟಳೆಂದು ಶಾಸನ ಹೊಗಳುತ್ತದೆ.

4. ಎಂಟು ಭೋಗಗಳು

ನೆಲದ ಮೇಲಣ ಹಿಡಿತವೆಂದರೆ ನಿಜವಾಗಿ ಏನೇನು? ಈ ಪ್ರಶ್ನೆಗೆ ನಮ್ಮ ದಾನಶಾಸನಗಳನ್ನು ಬರೆದವರು ವಕೀಲರಂತೆ ಉತ್ತರ ಕೊಟ್ಟಿದ್ದಾರೆ. ವಿಜಯನಗರದ ಕಾಲದ ಶಾಸನಗಳಲ್ಲಿ ‘ಅಷ್ಟಭೋಗ ತೇಜಃಸ್ವಾಮ್ಯ’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಆ ಎಂಟು ಯಾವುವೆಂದರೆ: ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ. ಹೂತಿಟ್ಟ ಧನ, ನೆಲದೊಳಗೆ ಅಡಗಿದ್ದು, ನೀರು, ಕಲ್ಲು, ಅಳಿಯದೆ ಉಳಿಯುವ ಆದಾಯ, ಮುಂದೆ ಬರಬಹುದಾದದ್ದು, ಈಗಾಗಲೇ ಕೈಗೂಡಿರುವುದು, ಸಾಧಿಸಿಕೊಳ್ಳಬಹುದಾದದ್ದು, ಇವೆಲ್ಲವೂ ದಾನ ಪಡೆದವನಿಗೆ ಸೇರುತ್ತವೆ ಎಂದು ಇದರ ತಾತ್ಪರ್ಯ. ನೆಲದ ಮೇಲ್ಮೈ ಮಾತ್ರವಲ್ಲ, ಅದರ ಕೆಳಗಿನ ಕಲ್ಲೂ ಅದರ ಮುಂದಿನ ಕಾಲವೂ ಈ ಎಂಟು ಪದಗಳೊಳಗೆ ಬಂದುಬಿಟ್ಟಿವೆ. ಗಣಿ, ಮರಳು, ಅಂತರ್ಜಲ ಯಾರದೆಂಬ ಇಂದಿನ ವ್ಯಾಜ್ಯಗಳನ್ನು ಓದುವಾಗ ಈ ಪಟ್ಟಿ ನೆನಪಿಗೆ ಬರದೆ ಇರದು.

ದಾನದ ಬಗೆಗಳಿಗೂ ಬೇರೆ ಬೇರೆ ಹೆಸರುಗಳಿದ್ದವು. ತೆರಿಗೆಯಿಲ್ಲದ್ದು ‘ಸರ್ವಮಾನ್ಯ’. ಕೆರೆ ಕಟ್ಟಿದವನಿಗೆ ಕೊಟ್ಟ ನೆಲ ‘ಕಟ್ಟುಗೊಡಗೆ’. ಕೆರೆಯ ರಕ್ಷಣೆಗೆಂದು ಬಿಟ್ಟದ್ದು ‘ಬಿತ್ತುವಟ್ಟ’. ಹೋರಾಟದಲ್ಲಿ ಮಡಿದ ವೀರನ ಮನೆಯವರಿಗೆ ಕೊಟ್ಟದ್ದು ‘ನೆತ್ತರುಗೊಡಗೆ’. ಎಲ್ಲೆಯನ್ನು ತೋರಿಸಲು ಲಿಂಗಮುದ್ರೆಯ ಅಥವಾ ವಾಮನಮುದ್ರೆಯ ಕಲ್ಲುಗಳನ್ನು ನೆಡುತ್ತಿದ್ದರು. ಅಕ್ಷರವರಿಯದ ದನಕಾಯುವವನಿಗೂ ಆ ಕಲ್ಲು ಅರ್ಥವಾಗುತ್ತಿತ್ತು.

ಈ ಹೆಸರುಗಳಲ್ಲಿ ಒಂದು ನ್ಯಾಯವಿದೆ: ನೆಲವು ಏತಕ್ಕಾಗಿ ದೊರೆಯಿತೆಂಬುದು ಹೆಸರಿನಲ್ಲಿಯೇ ಇದೆ. ಕಟ್ಟಿದ್ದಕ್ಕಾಗಿ, ಕಾಪಾಡಿದ್ದಕ್ಕಾಗಿ, ನೆತ್ತರು ಸುರಿಸಿದ್ದಕ್ಕಾಗಿ. ಆದರೆ ಆ ನೆಲವನ್ನು ನಿಜವಾಗಿ ಉಳುತ್ತಿದ್ದವನ ಹೆಸರು ಬಹುಪಾಲು ಶಾಸನಗಳಲ್ಲಿ ಇಲ್ಲವೆಂಬುದನ್ನೂ ನಾವು ಮರೆಯಬಾರದು.

5. ಕಚೇರಿಯ ಮಾತು

ಬಹಮನಿ ಮತ್ತು ಆದಿಲಶಾಹಿಗಳ ಆಳಿಕೆಯಿಂದ, ಮರಾಠರ ಹಾಗೂ ಮೊಗಲರ ಸಂಪರ್ಕದಿಂದ, ಅನಂತರ ಹೈದರ್ ಮತ್ತು ಟಿಪ್ಪುವಿನ ಕಾಲದ ಆಡಳಿತದಿಂದ ಪಾರಸಿ ಮತ್ತು ಅರಬ್ಬಿ ಮಾತುಗಳು ನಮ್ಮ ಕಚೇರಿಗಳನ್ನು ತುಂಬಿದವು. ಚಿಕ್ಕದೇವರಾಜ ಒಡೆಯರು (1673–1704) ಆಡಳಿತವನ್ನು ಹದಿನೆಂಟು ಇಲಾಖೆಗಳಾಗಿ ವಿಂಗಡಿಸಿದಾಗ ಅದಕ್ಕೆ ‘ಅಠಾರ ಕಚೇರಿ’ ಎಂಬ ಹೆಸರೇ ನಿಂತಿತು. ಪಾರಸಿಯಲ್ಲಿ ‘ಸರ್’ ಎಂದರೆ ತಲೆ, ‘ಕಾರ್’ ಎಂದರೆ ಕೆಲಸ. ಎರಡೂ ಸೇರಿ ‘ಸರ್ಕಾರ’. ‘ಜಾ’ ಎಂದರೆ ಸ್ಥಳ, ‘ಗೀರ್’ ಎಂದರೆ ಹಿಡಿದವನು, ಅದರಿಂದ ‘ಜಹಗೀರು’. ಅರಬ್ಬಿಯಲ್ಲಿ ನಂಟು, ಅವಲಂಬನೆ ಎಂಬ ಅರ್ಥದ ಮಾತಿನಿಂದ ‘ತಾಲ್ಲೂಕು’, ಪಕ್ಕೆಲುಬು ಎಂಬ ಅರ್ಥದ ಮಾತಿನಿಂದ ‘ಜಿಲ್ಲೆ’. ನಮ್ಮ ನಾಡಿನ ಮೈಗೆ ಜಿಲ್ಲೆಗಳು ಪಕ್ಕೆಲುಬುಗಳಿದ್ದಂತೆ ಎಂದು ಯಾರಾದರೂ ಭಾಷಣ ಮಾಡಿದರೆ ಅದು ಬರಿಯ ಅಲಂಕಾರವಾಗುವುದಿಲ್ಲ!

1956ರ ನವೆಂಬರ್ 1ರಂದು ಕನ್ನಡನಾಡು ಒಂದಾದಾಗ ಈ ಮಾತುಗಳ ಒಂದು ಸ್ವಾರಸ್ಯಕರ ಸಮ್ಮೇಳನವೇ ನಡೆಯಿತು. ತಾಲ್ಲೂಕಿನ ಮುಖ್ಯಾಧಿಕಾರಿ ಹಳೆಯ ಮೈಸೂರಿನಲ್ಲಿ ಅಮಲ್ದಾರ, ಮುಂಬಯಿ ಕರ್ನಾಟಕದಲ್ಲಿ ಮಾಮಲೇದಾರ, ಹೈದರಾಬಾದು ಮತ್ತು ಮದರಾಸಿನ ಭಾಗಗಳಲ್ಲಿ ತಹಸೀಲ್ದಾರ, ಕೊಡಗಿನಲ್ಲಿ ಸುಬೇದಾರ. ಹಳ್ಳಿಯ ಲೆಕ್ಕ ಬರೆಯುವವನು ದಕ್ಷಿಣದಲ್ಲಿ ಶಾನುಭೋಗ, ಉತ್ತರದಲ್ಲಿ ಕುಲಕರ್ಣಿ. ಕೆಲಸ ಒಂದೇ, ಹೆಸರು ನಾಲ್ಕು; ಪ್ರತಿ ಹೆಸರಿನ ಹಿಂದೆಯೂ ಬೇರೊಂದು ಆಳಿಕೆಯ ನೆನಪು. ಕಡೆಗೆ ಉಳಿದದ್ದು ‘ತಹಸೀಲ್ದಾರ’. ತಹಸೀಲ್ ಎಂದರೆ ವಸೂಲಿ. ಮಾಮಲೆ ಎಂದರೆ ವ್ಯವಹಾರ. ಅಮಲ್ ಎಂದರೆ ಕಾರ್ಯ, ಜಾರಿ. ಇದೇ ‘ಅಮಲು’ ಕನ್ನಡದಲ್ಲಿ ಮತ್ತಿಗೂ ಹೆಸರಾಗಿದೆ. ‘ಅಧಿಕಾರದ ಅಮಲು’ ಎನ್ನುವಾಗ ಎರಡು ಅರ್ಥಗಳೂ ಒಂದನ್ನೊಂದು ನೋಡಿ ನಗುತ್ತವೆ.

ಗ್ರಾಮದ ವಂಶಪಾರಂಪರ್ಯ ಹುದ್ದೆಗಳು 1961ರ ಕಾಯ್ದೆಯಿಂದ ರದ್ದಾದವು. ಹುದ್ದೆ ಹೋದರೂ ಹೆಸರು ಹೋಗಲಿಲ್ಲ. ಗೌಡ, ಪಾಟೀಲ, ದೇಸಾಯಿ, ದೇಶಪಾಂಡೆ, ಕುಲಕರ್ಣಿ, ನಾಡಗೌಡ, ದಳವಾಯಿ, ತಳವಾರ, ಇವೆಲ್ಲ ಇಂದು ಮನೆತನದ ಹೆಸರುಗಳು. ನಾಡಿನ ಯಾವುದೇ ಕಾಲೇಜಿನಲ್ಲಿ ಅಧ್ಯಾಪಕರು ಹಾಜರಿ ಕೂಗುವಾಗ ಹಳೆಯ ಆಡಳಿತದ ಒಂದು ಭಾಗವೇ ‘ಹಾಜರ್’ ಎಂದು ಉತ್ತರ ಕೊಡುತ್ತದೆ. ಇಂತಹ ಯಾವ ಪದವಿಯೂ ಹೆಸರಿಗೆ ಅಂಟಿಕೊಳ್ಳದ ನಮ್ಮಂತಹವರೂ ಅದೇ ಬೆಂಚಿನ ಮೇಲೆ ಕುಳಿತಿರುತ್ತೇವೆ. ನಮ್ಮ ಕಾಲದ ಒಳ್ಳೆಯ ಸಂಗತಿಗಳಲ್ಲಿ ಇದೂ ಒಂದು. ಇನ್ನು ಹಳ್ಳಿಯ ಕಂದಾಯದ ಲೆಕ್ಕ ನೋಡುವ ನೌಕರನಿಗೆ ಬಹುಕಾಲ ಇದ್ದ ಹೆಸರು ‘ಗ್ರಾಮ ಲೆಕ್ಕಾಧಿಕಾರಿ’; ಇತ್ತೀಚೆಗೆ ಅದು ‘ಗ್ರಾಮ ಆಡಳಿತ ಅಧಿಕಾರಿ’ ಎಂದಾಗಿದೆ. ‘ಲೆಕ್ಕ’ದಿಂದ ‘ಆಡಳಿತ’ಕ್ಕೆ ಮಾತು ಏರಿದೆ, ಕೆಲಸವೂ ಅಷ್ಟೇ ಏರಿದೆಯೆ ಎಂಬುದನ್ನು ಹಳ್ಳಿಯವರೇ ಹೇಳಬೇಕು.

6. ಅಪ್ಪಣೆಯಿಲ್ಲದ ನೆಲ

ಕಚೇರಿಯ ಮಾತುಗಳಲ್ಲಿ ನನಗೆ ಅತ್ಯಂತ ಹತ್ತಿರವಾದುದು ‘ಬಗರ್ ಹುಕುಂ’. ಹತ್ತಿರವೇಕೆಂದರೆ ನಮ್ಮ ಮನೆಯ ಅನ್ನ ಬರುವುದು ಆ ಮಾತಿನಿಂದ. ನಮ್ಮ ತಾತ ಲಂಟಾನ ಕಡಿದು ಕಲ್ಲು ಆರಿಸಿ ಹದಮಾಡಿದ ಎರಡು ಎಕರೆ ನೆಲದಲ್ಲಿ ನಮ್ಮ ತಂದೆ ರಾಗಿ ಬೆಳೆಯುತ್ತಾರೆ. ಅವರು ಅದನ್ನು ‘ನಮ್ಮ ಬಗರ್ ಹುಕುಂ ಹೊಲ’ ಎಂದು ಹೇಳುವಾಗ, ಕೆಬ್ಬೆ ಹೊಲ, ಮರಳು ಹೊಲ ಎಂಬಂತೆ ಇದೂ ಒಂದು ಬಗೆಯ ಮಣ್ಣೇ ಇರಬೇಕೆಂದು ಬಾಲ್ಯದಲ್ಲಿ ಕೇಳಿದವರಿಗೆ ತೋರುತ್ತದೆ. ಖುಷ್ಕಿ, ತರಿ, ಬಾಗಾಯ್ತು ಎಂಬ ಮಾತುಗಳು ನೆಲದ ಗುಣವನ್ನು ಹೇಳುತ್ತವೆ, ಇದು ಹಾಗಲ್ಲ. ‘ಬಗೈರ್’ ಎಂದರೆ ಇಲ್ಲದೆ, ‘ಹುಕ್ಮ್’ ಎಂದರೆ ಅಪ್ಪಣೆ. ಅಪ್ಪಣೆಯಿಲ್ಲದೆ ಉತ್ತದ್ದು ಎಂದರ್ಥ. ಇದು ಮಣ್ಣಿನ ಹೆಸರಲ್ಲ, ಉಳುವವನ ಮೇಲೆ ಹೊರಿಸಿದ ಆಕ್ಷೇಪದ ಹೆಸರು. ಆ ಆಕ್ಷೇಪವನ್ನೇ ನಮ್ಮ ಜನ ವಿಳಾಸದಂತೆ ಬಳಸುತ್ತಾರೆ.

ಕರ್ನಾಟಕ ಭೂಕಂದಾಯ ಕಾಯ್ದೆ, 1964ರಲ್ಲಿ ಇಂತಹ ಸಾಗುವಳಿಯನ್ನು ಸಕ್ರಮಗೊಳಿಸಲು ಅವಕಾಶಗಳನ್ನು ಅನಂತರ ಸೇರಿಸಲಾಯಿತು. ನಮೂನೆ 50, ನಮೂನೆ 53, ನಮೂನೆ 57 ಎಂದು ಮೂರು ಸರದಿಯಲ್ಲಿ ರೈತರು ಅರ್ಜಿ ಹಾಕಿದ್ದಾರೆ. ನಮ್ಮ ತಂದೆಯ ಅರ್ಜಿ ಕೊನೆಯ ಸರದಿಯದು. ತೀರ್ಮಾನ ಇನ್ನೂ ಆಗಿಲ್ಲ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ ಆದುದರಿಂದ ಬಂದ ಕಾಗದಗಳನ್ನು ಓದಿ ಹೇಳುವ ಕೆಲಸ ನನ್ನದು. ದರಖಾಸ್ತು, ಖರಾಬು, ಗೋಮಾಳ, ಮಹಜರು, ಆಕಾರಬಂದು, ಇವನ್ನು ಓದುವುದು ಸುಲಭ, ಹೇಳುವುದು ಕಷ್ಟ. ‘ದರಖಾಸ್ತು’ ಎಂದರೆ ಮೂಲದಲ್ಲಿ ಬರಿಯ ವಿನಂತಿ ಎಂದು ನಾನು ವಿವರಿಸಿದಾಗ ನಮ್ಮ ತಂದೆ, “ವಿನಂತಿ ಅಂತ ಕನ್ನಡದಲ್ಲೇ ಬರೆದಿದ್ದರೆ ಇಷ್ಟು ವರ್ಷ ಹೆದರಬೇಕಾಗಿರಲಿಲ್ಲ” ಎಂದರು. ಈ ಲೇಖನಕ್ಕೆ ಬೇಕಾದ ಪ್ರಶ್ನೆ ನನಗೆ ದೊರೆತದ್ದು ಆ ಮಾತಿನಿಂದ.

ಇಲ್ಲಿ ಇನ್ನೊಂದು ಪಕ್ಷವನ್ನೂ ಹೇಳಬೇಕು. ಊರಿನ ದನಗಳಿಗೆಂದು ಬಿಟ್ಟ ಗೋಮಾಳವನ್ನೂ ಕೆರೆಯ ಅಂಗಳವನ್ನೂ ಬಲವುಳ್ಳವರು ನುಂಗಿರುವುದುಂಟು. ಅವರೂ ಇದೇ ಮಾತಿನ ನೆರಳಿನಲ್ಲಿ ನಿಲ್ಲಲು ಬರುತ್ತಾರೆ. ಆದುದರಿಂದ ಅಪ್ಪಣೆ, ಪರಿಶೀಲನೆ ಬೇಡವೆಂದು ಯಾರೂ ಹೇಳಲಾರರು. ಆದರೆ ‘ಒತ್ತುವರಿ’ ಎಂಬುದು ಒಂದು, ‘ಸಾಗುವಳಿ’ ಎಂಬುದು ಇನ್ನೊಂದು. ಒತ್ತಿದವನಿಗೂ ಸಾಗಿಸಿದವನಿಗೂ ಕಡತದಲ್ಲಿ ‘ಅನಧಿಕೃತ’ ಎಂಬ ಒಂದೇ ವಿಶೇಷಣ ಸಿಕ್ಕಿದರೆ ಮಾತು ತನ್ನ ಕೆಲಸವನ್ನು ಸರಿಯಾಗಿ ಮಾಡಲಿಲ್ಲವೆಂದೇ ಹೇಳಬೇಕಾಗುತ್ತದೆ. ಕೆರೆ ಕಟ್ಟಿದವನ ನೆಲಕ್ಕೆ ‘ಕಟ್ಟುಗೊಡಗೆ’ ಎಂಬ ಹೆಸರು ಕೊಡಬಲ್ಲ ಭಾಷೆ, ಕಲ್ಲು ಆರಿಸಿ ಹೊಲ ಮಾಡಿದವನ ನೆಲಕ್ಕೂ ಒಂದು ಹೆಸರನ್ನು ಕೊಡಬಲ್ಲದು. ಸಂತೋಷದ ಸಂಗತಿಯೆಂದರೆ, ಮಂಜೂರಾದ ಮೇಲೆ ಕೈಗೆ ಬರುವ ಕಾಗದಕ್ಕೆ ‘ಸಾಗುವಳಿ ಚೀಟಿ’ ಎಂದು ಹೆಸರು. ಆ ಹೆಸರಿನಲ್ಲಿ ಹುಕುಮಿಲ್ಲ, ದುಡಿಮೆಯಿದೆ.

7. ಪ್ರಜೆ, ಪ್ರಭು, ಮತದಾರ

ಕೊನೆಯದಾಗಿ ನಮ್ಮ ಕಾಲದ ಮಾತುಗಳನ್ನು ನೋಡೋಣ. ‘ಅಧಿಕಾರ’ ಎಂಬುದು ಹಿಂದಿಯಲ್ಲಿ ಹಕ್ಕಿಗೂ ಸಲ್ಲುತ್ತದೆ. ಸಂವಿಧಾನದ ಮೂಲಭೂತ ಹಕ್ಕುಗಳನ್ನು ಅವರು ‘ಮೂಲ ಅಧಿಕಾರ’ ಎನ್ನುತ್ತಾರೆ. ಕನ್ನಡದಲ್ಲಿ ನಾವು ಅಧಿಕಾರವನ್ನು ಕುರ್ಚಿಯಲ್ಲಿ ಕುಳಿತವರಿಗೆ ಬಿಟ್ಟು, ಜನರಿಗಾಗಿ ಅರಬ್ಬಿಯ ‘ಹಕ್ಕು’ ಎಂಬುದನ್ನು ಇಟ್ಟುಕೊಂಡೆವು. ಅರಬ್ಬಿಯಲ್ಲಿ ಆ ಮಾತಿಗೆ ಸತ್ಯವೆಂಬ ಅರ್ಥವೂ ಇದೆ. 2005ರ ಕಾಯ್ದೆಯನ್ನು ‘ಮಾಹಿತಿ ಹಕ್ಕು’ ಎಂದು ಕರೆಯುವಾಗ ನಾವು ಅರಿಯದೆಯೇ ಸತ್ಯವನ್ನೂ ಕರೆದಂತಾಗುತ್ತದೆ.

‘ಪ್ರಜೆ’ ಎಂದರೆ ಸಂಸ್ಕೃತದಲ್ಲಿ ಮೊದಲು ಸಂತಾನ, ಮಕ್ಕಳು. ರಾಜನು ತಂದೆಯೆಂಬ ಭಾವನೆಯಿಂದ ಅವನ ಕೈಕೆಳಗಿನವರೆಲ್ಲ ಪ್ರಜೆಗಳಾದರು. ‘ಪ್ರಭು’ ಎಂದರೆ ಸಮರ್ಥ, ಒಡೆಯ. ಒಂದು ಕಾಲದಲ್ಲಿ ಈ ಎರಡು ಮಾತುಗಳು ಒಂದೇ ಜಗಲಿಯ ಮೇಲೆ ಕೂರುವಂತಿರಲಿಲ್ಲ; ಒಂದು ಮೇಲೆ, ಇನ್ನೊಂದು ಅಂಗಳದಲ್ಲಿ ಕೈಕಟ್ಟಿಕೊಂಡು. ಇಂದು ನಾವು ಎರಡನ್ನೂ ಸೇರಿಸಿ ‘ಪ್ರಜಾಪ್ರಭುತ್ವ’ ಎಂದು ಸಮಾಸ ಮಾಡಿದ್ದೇವೆ. ವ್ಯಾಕರಣದಲ್ಲಿ ಈ ಸಮಾಸವನ್ನು ಬಿಡಿಸುವುದು ಸುಲಭ. ಬಾಳಿನಲ್ಲಿ ಇದು ಕೂಡಿಕೊಂಡೇ ಇರುವಂತೆ ನೋಡಿಕೊಳ್ಳುವುದು ಕಷ್ಟದ ಕೆಲಸ.

ಇನ್ನೊಂದು ಮಾತು ‘ಮತದಾರ’. ಮತ ಸಂಸ್ಕೃತದ್ದು, ‘ದಾರ’ ಪಾರಸಿಯದು. ‘ದಾರ’ ಎಂದರೆ ಹಿಡಿದವನು, ಉಳ್ಳವನು. ಜಹಗೀರುದಾರ, ಜಮೀನ್ದಾರ, ಅಮಲ್ದಾರ, ತಹಸೀಲ್ದಾರ, ಈ ಸಾಲಿನಲ್ಲಿ ಎಲ್ಲರಿಗಿಂತ ತಡವಾಗಿ ಬಂದು ನಿಂತವನು ಮತದಾರ. ಮೊದಲಿನವರು ಹಿಡಿದದ್ದು ನೆಲವನ್ನು, ಹುಕುಮನ್ನು, ವಸೂಲಿಯನ್ನು. ಇವನು ಹಿಡಿದದ್ದು ಒಂದು ಅಭಿಪ್ರಾಯವನ್ನು ಮಾತ್ರ. ಜಹಗೀರುದಾರನೂ ಜಮೀನ್ದಾರನೂ ಇಂದು ಇಲ್ಲ. ತಹಸೀಲ್ದಾರನು ಮತದಾರನ ಪಟ್ಟಿಯನ್ನು ಸಿದ್ಧಪಡಿಸುವ ಕೆಲಸದಲ್ಲಿ ತೊಡಗಿದ್ದಾನೆ. ಈ ಬದಲಾವಣೆ ಸಣ್ಣದಲ್ಲ.

ಆದರೆ ಹಿಡಿದದ್ದನ್ನು ಅರ್ಥಮಾಡಿಕೊಂಡು ಹಿಡಿಯಬೇಕಾದರೆ ಮಾತು ತಿಳಿದಿರಬೇಕು. ಪದವಿ ಪಡೆದು ಹಳ್ಳಿಗೆ ಹಿಂದಿರುಗುವ ನಮ್ಮಲ್ಲಿ ಪ್ರತಿಯೊಬ್ಬರೂ ತಮ್ಮ ಊರಿನ ಹತ್ತು ಮನೆಗಳ ಪಹಣಿಯನ್ನೂ ಕಾಗದಪತ್ರಗಳನ್ನೂ ತಿಳಿಯಾದ ಕನ್ನಡದಲ್ಲಿ ಓದಿ ವಿವರಿಸಿದರೆ, ಮೂರು ವರ್ಷ ಕಲಿತ ಇತಿಹಾಸ ಮತ್ತು ಭಾಷೆಗಳಿಗೆ ಅದಕ್ಕಿಂತ ಉತ್ತಮವಾದ ಉಪಯೋಗ ಬೇರೊಂದಿರಲಾರದು. ಆಳುವವರ ಮಾತನ್ನು ಆಳುಗಳ ಮಕ್ಕಳೂ ಕಲಿತುಕೊಳ್ಳಲಿ, ಕಲಿತು ತಮ್ಮವರಿಗೆ ಹೇಳಲಿ ಎಂದು ಹಾರೈಸಿ ಈ ಲೇಖನವನ್ನು ಮುಗಿಸುತ್ತೇನೆ.